ರಾಜಿ ರೈಟರೂ ಕಳೆದುಹೋದ ಹನ್ನೊಂದು ಸಾಮಾನೂ

ಠಾಣೆಯಲ್ಲಿ ಕೂತು ಬಂದವರ ದೂರನ್ನು ಕಾಗದಕ್ಕೆ ಇಳಿಸುವವನಿಗೆ ರೈಟರ್ ಅನ್ನುತ್ತಾರೆ. ಕಳ್ಳನ ಹಿಂದೆ ಓಡುವವರು ಬೇರೆ, ಜೀಪು ಓಡಿಸುವವರು ಬೇರೆ. ರೈಟರಿಗೆ ಒಂದು ಮೇಜು, ಒಂದು ಕುರ್ಚಿ, ಎದುರಿಗೊಂದು ಬೆಂಚು, ಇಷ್ಟೇ ಸಾಮ್ರಾಜ್ಯ. ನಮ್ಮ ರೈಟರು ಆ ಸಾಮ್ರಾಜ್ಯವನ್ನು ಮೂವತ್ತೊಂದು ವರ್ಷ ಆಳಿದರು. ಅಷ್ಟರಲ್ಲಿ ಹದಿನಾಲ್ಕು ಜನ ಇನ್ಸ್‌ಪೆಕ್ಟರು ಬಂದು ಹೋದರು. ಕೈಬರಹ ಹೋಗಿ ಟೈಪ್‌ರೈಟರ್ ಬಂತು, ಅದೂ ಹೋಗಿ ಕಂಪ್ಯೂಟರ್ ಬಂತು. ರೈಟರು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಅವರಿಗಿದ್ದ ಒಂದೇ ಕಾಯಿಲೆ ಅಂದರೆ ಉದ್ದಕ್ಕೆ ಬರೆಯೋದು. ಸೈಕಲ್ ಕಳೆದಿದೆ ಅಂತ ಯಾರಾದರೂ ಬಂದರೆ ಮುಗೀತು. ಸೈಕಲ್ಲಿನ ಬಣ್ಣ, ಅದನ್ನು ಕೊಡಿಸಿದ ಸೋದರಮಾವನ ಸ್ವಭಾವ, ದೂರು ಕೊಡುವಾಗ ಮನುಷ್ಯ ಎಷ್ಟು ಸಲ ಸೀನಿದ ಅನ್ನೋದೂ ಸೇರಿ ಎರಡು ಪುಟ. "ರೈಟರೇ, ನಾನು ಕೇಳಿದ್ದು ರಿಪೋರ್ಟು, ಪುರಾಣ ಅಲ್ಲ" ಅಂತ ಹದಿನಾಲ್ಕೂ ಇನ್ಸ್‌ಪೆಕ್ಟರು ಹೇಳಿ ಸುಸ್ತಾದರು. ರೈಟರದು ಒಂದೇ ಉತ್ತರ: "ಸಾರ್, ಕಣ್ಣಿಗೆ ಕಂಡದ್ದನ್ನ ಬಿಟ್ಟರೆ ಕೈ ನೋಯುತ್ತೆ."

ಒಂದೇ ಒಂದು ಜಾತಿಯ ದೂರಿಗೆ ಮಾತ್ರ ಆ ಕೈ ನೋಯುತ್ತಿರಲಿಲ್ಲ. ಗಂಡ ಹೊಡೆದ ಅಂತ ಹೆಂಗಸರು ಬಂದರೆ ರೈಟರು ಪೆನ್ನು ಕೆಳಗಿಡುತ್ತಿದ್ದರು. ಗಂಡನನ್ನು ಕರೆಸುತ್ತಿದ್ದರು, ಇಬ್ಬರಿಗೂ ಟೀ ತರಿಸುತ್ತಿದ್ದರು. "ನೋಡಿ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ" ಅಂತ ಅರ್ಧ ಗಂಟೆ ಉಪದೇಶ ಮಾಡಿ, ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸುತ್ತಿದ್ದರು. ಆಮೇಲೆ ಬರೆಯೋದು ಎರಡೇ ಸಾಲು: "ಸಣ್ಣ ಮನಸ್ತಾಪ. ಇಬ್ಬರಿಗೂ ಬುದ್ಧಿ ಹೇಳಿ ಕಳಿಸಲಾಯಿತು." ಹೀಗೆ ನಾನೂರ ಹನ್ನೆರಡು ಸಂಸಾರ ಉಳಿಸಿದ್ದೇನೆ ಅಂತ ಅವರೇ ಎಣಿಸಿಟ್ಟಿದ್ದರು. ಅದಕ್ಕೇ ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ರಾಜಿ ರೈಟರು ಅಂತ.

ಈ ಪುಣ್ಯಕ್ಕೆ ಫಲವೂ ಇತ್ತು. ಮನೆಜಗಳದ ಕೇಸು ಅತಿ ಕಡಿಮೆ ಇರುವ ಠಾಣೆಗೆ ಹೆಡ್ಡಾಫೀಸಿನವರು ವರ್ಷಕ್ಕೊಂದು ಶೀಲ್ಡು ಕೊಡುತ್ತಿದ್ದರು. ಆರು ವರ್ಷದಿಂದ ಅದು ಈ ಠಾಣೆ ಬಿಟ್ಟು ಕದಲಿರಲಿಲ್ಲ. ಈ ವರ್ಷ ರೈಟರ ನಿವೃತ್ತಿ. ಬೀಳ್ಕೊಡುಗೆ ದಿನ ದೊಡ್ಡ ಸಾಹೇಬರೇ ಬಂದು ಶೀಲ್ಡನ್ನು ರೈಟರ ಕೈಗೇ ಕೊಡೋದು ಅಂತ ತೀರ್ಮಾನವಾಗಿತ್ತು. ಇನ್ನು ಎರಡೇ ತಿಂಗಳು. ರೈಟರು ಕನ್ನಡಿ ಮುಂದೆ ನಿಂತು ಶೀಲ್ಡು ಹಿಡಿಯೋದನ್ನು ಅಭ್ಯಾಸ ಮಾಡುತ್ತಿದ್ದರು, ಕೈಯಲ್ಲಿ ಅಡುಗೆಮನೆಯ ತಟ್ಟೆ ಹಿಡಕೊಂಡು. "ಹಲ್ಲು ಕಿರೀಬೇಡಿ, ಫೋಟೋದಲ್ಲಿ ಕಳ್ಳನ ಥರ ಬರ್ತೀರ" ಅಂತ ಹೆಂಡತಿ ಒಳಗಿನಿಂದಲೇ ಕೂಗುತ್ತಿದ್ದರು.

ಇಂಥ ಸುಖದಲ್ಲಿರುವಾಗ ಬಂದರು ನೋಡಿ, ಕಂಪ್ಯೂಟರ್ ಮೇಡಂ.

ಹೆಡ್ಡಾಫೀಸಿನ ಹೆಂಗಸು, ಐವತ್ತರ ಹತ್ತಿರ ವಯಸ್ಸು. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು. ಮಾತು ಕಡಿಮೆ, ಆಡಿದರೆ ಉಳಿ ಏಟು. ಬಂದ ಕೆಲಸ ಹೇಳಿದರು: ಎಂಟು ವರ್ಷದ ರಿಪೋರ್ಟುಗಳನ್ನೆಲ್ಲ ಮೆಷಿನ್ನು ಓದುತ್ತೆ. ಯಾವ ಮಾತಿನ ಜೊತೆ ಯಾವ ಮಾತು ಬರುತ್ತೆ ಅಂತ ಲೆಕ್ಕ ಹಾಕಿ, ಯಾವ ಮನೆಯಲ್ಲಿ ಹೆಂಗಸರಿಗೆ ಹೊಡೆತ ಬೀಳ್ತಿರಬಹುದು ಅಂತ ಪಟ್ಟಿ ಕೊಡುತ್ತೆ. ಕೇಸು ಆಗದೇ ಇದ್ದರೂ ಸರಿ, ದೂರು ಬೇರೆ ಯಾವುದಕ್ಕೋ ಕೊಟ್ಟಿದ್ದರೂ ಸರಿ.

"ನಮ್ಮ ಠಾಣೇಲಿ ಅದಕ್ಕೆ ಕೆಲಸವೇ ಇಲ್ಲ ಮೇಡಂ. ಆರು ವರ್ಷದ ಶೀಲ್ಡು ಅಲ್ಲಿದೆ ನೋಡಿ" ಅಂದರು ರೈಟರು.

"ಅದಕ್ಕೇ ಇಲ್ಲಿಗೇ ಮೊದಲು ಬಂದಿದ್ದು" ಅಂದರು ಮೇಡಂ.

ಮೆಷಿನ್ನಿಗೆ ಮೊದಲು ಪಾಠ ಆಗಬೇಕಂತೆ. ಯಾರಾದರೂ ಅನುಭವಸ್ಥರು ಒಂದು ಸಾವಿರ ರಿಪೋರ್ಟು ಓದಿ, ಇದು ಮನೆಯ ಹೊಡೆತ ಹೌದು, ಇದು ಇಲ್ಲ ಅಂತ ಒಂದೊಂದಕ್ಕೂ ಗುಂಡಿ ಒತ್ತಬೇಕು. ಅದನ್ನು ನೋಡಿ ಮೆಷಿನ್ನು ಕಲಿತು ಉಳಿದದ್ದನ್ನು ತಾನೇ ಓದಿಕೊಳ್ಳುತ್ತೆ. ಬೇರೆ ಠಾಣೆಗಳಲ್ಲೂ ಒಬ್ಬೊಬ್ಬರು ಹೀಗೇ ಪಾಠ ಮಾಡಿದ್ದಾರೆ, ಇಲ್ಲಿಯ ಮೇಷ್ಟ್ರು ನೀವೇ ಅಂತ ಇನ್ಸ್‌ಪೆಕ್ಟರು ರೈಟರನ್ನು ತೋರಿಸಿದರು. ರೈಟರಿಗೆ ಖುಷಿಯೋ ಖುಷಿ. ಜೀವಮಾನದಲ್ಲಿ ಮೊದಲ ಸಲ ಅವರ ಪುರಾಣವನ್ನು ಒಬ್ಬರು ಪೂರ್ತಿ ಓದುತ್ತಾರೆ, ಅದು ಮೆಷಿನ್ನಾದರೇನು! ಒಂಬತ್ತು ದಿನ ಕೂತು ಟಪಟಪ ಒತ್ತಿದರು. ತಾವು ಬುದ್ಧಿ ಹೇಳಿ ಕಳಿಸಿದ್ದೆಲ್ಲ ಕಣ್ಣುಮುಚ್ಚಿ 'ಇಲ್ಲ'. ಉಳಿಸಿದ ಸಂಸಾರದಲ್ಲಿ ಹೊಡೆತ ಎಲ್ಲಿಂದ ಬರಬೇಕು?

ಹತ್ತನೇ ದಿನ ಪಟ್ಟಿ ಬಂತು. ಇಪ್ಪತ್ತು ಮನೆ. ಇಡೀ ಠಾಣೆ ಮುತ್ತಿಕೊಂಡಿತು.

ಆರನೇ ನಂಬರು ಡೋಲು ಕಲಿಸುವ ಮೇಷ್ಟ್ರ ಮನೆ. ದಿನಾ ಸಂಜೆ ಬಡಿತ, ಕಿರುಚಾಟ ಅಂತ ಅಕ್ಕಪಕ್ಕದವರು ದೂರು ಕೊಟ್ಟಿದ್ದನ್ನು ಮೆಷಿನ್ನು ಹಾಗೇ ನಂಬಿತ್ತು. ಪೇದೆಗಳು ಹೊಟ್ಟೆ ಹಿಡಕೊಂಡು ನಕ್ಕರು. ಏಳನೇ ನಂಬರು ಬಂದಾಗ ನಗು ಎರಡು ಪಟ್ಟಾಯಿತು, ಯಾಕೆಂದರೆ ಏಳನೇ ನಂಬರು ರಾಜಿ ರೈಟರ ಸ್ವಂತ ಮನೆ.

ಆಗಿದ್ದಿಷ್ಟು. ರೈಟರ ಅತ್ತೆಗೆ ಕಿವಿ ಮಂದ, ಇಸ್ಪೀಟಿನ ಹುಚ್ಚು. ದಿನಾ ಸಂಜೆ ಮಗಳು, ಅಳಿಯ, ಅತ್ತೆ ಮೂವರೂ ಆಟಕ್ಕೆ ಕೂರುತ್ತಿದ್ದರು. ಅತ್ತೆ ಎಲೆ ಕದಿಯುತ್ತಿದ್ದರು, ಸಿಕ್ಕಿಬಿದ್ದರೆ ತಾವೇ 'ಮೋಸ ಮೋಸ' ಅಂತ ಬೀದಿ ಕೇಳುವ ಹಾಗೆ ಕೂಗುತ್ತಿದ್ದರು. ಪಕ್ಕದ ಮನೆಗೆ ಹೊಸದಾಗಿ ಬಂದವರು ಗಾಬರಿಯಾಗಿ ಮೂರು ಸಲ ಠಾಣೆಗೆ ಬಂದಿದ್ದರು. ಆ ದೂರನ್ನು ಬರೆದುಕೊಂಡವರೂ ರೈಟರೇ! ತಮ್ಮ ಮನೆಯದೇ ದೂರು ಅಂತ ಒಂದಕ್ಷರ ಬಿಡಲಿಲ್ಲ ಮಹಾನುಭಾವರು: "ಸದರಿ ಮನೆಯಿಂದ ವೃದ್ಧೆಯೊಬ್ಬರ ಆರ್ತನಾದ, ನಡುನಡುವೆ ಗಂಡಸಿನ ಏರುದನಿ, ಮೇಜು ಗುದ್ದಿದ ಶಬ್ದ ಕೇಳಿಬರುತ್ತದೆ."

"ಮೆಷಿನ್ನಿಗೆ ತಲೆ ಇಲ್ಲ ಅಂತ ಇದರಲ್ಲೇ ಗೊತ್ತಾಯ್ತಲ್ಲ! ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಗಿರಾಕಿ ಇದು" ಅಂತ ರೈಟರು ಮೇಜು ಕುಟ್ಟಿದರು.

ಮೇಡಂ ಪೆಪ್ಪರ್‌ಮಿಂಟನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದರು. "ತಪ್ಪು ಆಗುತ್ತೆ. ಅದಕ್ಕೇ ಮನುಷ್ಯರು ಒಂದೊಂದೇ ತೆಗೆದು ನೋಡಬೇಕು. ಒಂದನೇ ನಂಬರು ಓದಿ."

ಒಂದನೇ ನಂಬರು ಮರೆವಿನಮ್ಮ.

ಮರೆವಿನಮ್ಮ ಅಂದರೆ ದೊಡ್ಡ ರಸ್ತೆಯ ಕನ್ನಡಕದಂಗಡಿಯವನ ಹೆಂಡತಿ. ಕನ್ನಡಕದಂಗಡಿಯವನು ಬೆಣ್ಣೆಯಂಥ ಮನುಷ್ಯ, ಎದುರಿಗೆ ಸಿಕ್ಕರೆ ಕೈ ಮುಗಿಯದೆ ಮುಂದೆ ಹೋಗುವವನಲ್ಲ. ಠಾಣೆಯ ಅರ್ಧ ಜನರ ಕಣ್ಣಿಗೆ ಗಾಜು ಕೂರಿಸಿದವನು ಅವನೇ, ರೈಟರ ಕನ್ನಡಕವೂ ಅವನ ಕೈಯದೇ. ಅಂಥವನಿಗೆ ಇಂಥ ಮರೆಗುಳಿ ಹೆಂಡತಿ. ಮೂರು ವರ್ಷದಲ್ಲಿ ಹನ್ನೊಂದು ಸಲ ಬಂದು, ಅದು ಕಳೀತು ಇದು ಕಳೀತು ಅಂತ ಬರೆಸಿದ್ದರು. ನಾಲ್ಕು ಕನ್ನಡಕ, ಎರಡು ಸಲ ಮನೆ ಕೀ, ಎರಡು ಫೋನು, ಒಂದು ಛತ್ರಿ, ಒಂದು ಕೈಚೀಲ, ಒಂದು ಗುರುತಿನ ಚೀಟಿ. ಅವರು ಮೆಟ್ಟಿಲು ಹತ್ತಿದರೆ ಪೇದೆಗಳು, ಇವತ್ತು ಏನು ಕಳೆದಿರಬಹುದು ಅಂತ ಪಂದ್ಯ ಕಟ್ಟುತ್ತಿದ್ದರು.

"ಛತ್ರಿ ಕಳೆದದ್ದು ಹೊಡೆತ ಹೇಗಾಗುತ್ತೆ ಮೇಡಂ?" ಅಂತ ರೈಟರು ಬಿದ್ದೂ ಬಿದ್ದೂ ನಕ್ಕರು.

"ಅದು ನನಗೂ ಗೊತ್ತಿಲ್ಲ. ಆದರೆ ಬೇರೆ ಠಾಣೆಗಳಲ್ಲಿ ಹೊಡೆತ ತಿಂದವರು ಅಂತ ಖಾತ್ರಿಯಾದವರ ರಿಪೋರ್ಟಿನಲ್ಲಿ ಬರೋ ಮಾತುಗಳೇ ಇದರಲ್ಲೂ ಬರ್ತಿವೆ. ನಿಮ್ಮ ಹಾಗೆ ಉದ್ದಕ್ಕೆ ಬರೆಯೋರು ಇಲ್ಲದಿದ್ರೆ ಇದು ಸಿಗ್ತಾನೇ ಇರಲಿಲ್ಲ. ಹನ್ನೊಂದನ್ನೂ ಒಟ್ಟಿಗೆ ಓದಿ." ಆಮೇಲೆ ಚೀಲ ಹೆಗಲಿಗೇರಿಸುತ್ತ ಒಂದು ಮಾತು ಸೇರಿಸಿದರು. "ಅಂದಹಾಗೆ, ಗಂಡನದು ಕನ್ನಡಕದಂಗಡಿ ಅಂದ್ರಿ. ಕನ್ನಡಕ ಕಳೆದರೆ ಗಂಡನ ಹತ್ರ ಹೋಗದೆ ಪೊಲೀಸರ ಹತ್ರ ಯಾಕೆ ಬಂದ್ರು?"

ರೈಟರಿಗೆ ಕೋಪ ಬಂತು. ಕೋಪದಲ್ಲಿ ಹನ್ನೊಂದು ಕಾಗದವನ್ನೂ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಹೋದರು.

ತಾವು ಬರೆದ ರಿಪೋರ್ಟನ್ನು ಮನೆಯಲ್ಲಿ ಓದಿ ಹೇಳೋದು ಅವರ ಹಳೇ ಚಟ. ಅವತ್ತೂ ಊಟದ ಮೇಜಿನಲ್ಲಿ ಇಸ್ಪೀಟು ಪಕ್ಕಕ್ಕೆ ಸರಿಸಿ, ಹೆಂಡತಿಯನ್ನೂ ಅತ್ತೆಯನ್ನೂ ನಗಿಸೋಣ ಅಂತ ಗಂಟಲು ಸರಿಮಾಡಿಕೊಂಡರು. ಅತ್ತೆಗೆ ಕೇಳಬೇಕಲ್ಲ, ಹಾಗಾಗಿ ಕೂಗಿಯೇ ಓದಿದರು.

"ಕನ್ನಡಕ ಕಳೆದಿದೆ ಎಂದರು. ಎಲ್ಲಿ ಎಂದು ಕೇಳಲಾಗಿ, ತನಗೆ ಗೊತ್ತಿಲ್ಲ, ಕಳೆದಿದೆ ಎಂದು ಮನೆಯವರು ಹೇಳಿದರು ಎಂದರು."

ಅತ್ತೆ ಕಿಸಕ್ಕನೆ ನಕ್ಕರು. "ಕಳೆದಿದ್ದು ಕಳಕೊಂಡೋಳಿಗೇ ಗೊತ್ತಿಲ್ವಂತೆ!"

"ಬಿಸಿಲು ಜೋರಿದ್ದರೂ ಮಣಿಕಟ್ಟಿನವರೆಗೆ ತೋಳಿರುವ ಅಂಗಿ ತೊಟ್ಟಿದ್ದರು. ಕುಡಿಯಲು ನೀರು ಕೇಳಿದರು. ಲೋಟವನ್ನು ಎಡಗೈಯಲ್ಲಿ ಹಿಡಿದರು. ಮನೆಗೆ ಫೋನ್ ಮಾಡಿ ತಿಳಿಸಲೇ ಎಂದು ಕೇಳಲಾಗಿ, ಬೇಡ ಎಂದು ಎರಡು ಸಲ ಹೇಳಿದರು. ಬೆಂಚಿನ ಮೇಲೆ ಐವತ್ತು ನಿಮಿಷ ಕೂತು, ಬಂದ ಹೊತ್ತು ಹೋದ ಹೊತ್ತು ಎರಡನ್ನೂ ರಸೀದಿಯಲ್ಲಿ ಬರೆಸಿಕೊಂಡು ತೆರಳಿದರು."

ರೈಟರ ದನಿ ಮೂರನೇ ಕಾಗದಕ್ಕೆ ಸ್ವಲ್ಪ ಇಳಿಯಿತು. ನಾಲ್ಕನೆಯದಕ್ಕೆ ಹೆಂಡತಿ ತಟ್ಟೆ ಎತ್ತೋದನ್ನು ನಿಲ್ಲಿಸಿ ಕೂತರು.

"ಇದರಲ್ಲೂ ಉದ್ದ ತೋಳಾ?"

"ಹೂಂ."

"ಎಷ್ಟು ಹೊತ್ತು ಕೂತಿದ್ರು?"

"ಒಂದು ಗಂಟೆ ಹತ್ತು ನಿಮಿಷ."

ಆರನೆಯದರಲ್ಲಿ ಮುಂದಿನ ಹಲ್ಲು ಒಂದಿರಲಿಲ್ಲ. ಎಂಟನೆಯದರಲ್ಲಿ ರೈಟರು ಕೆಮ್ಮಿದ್ದಕ್ಕೇ ಆಕೆ ಬೆಚ್ಚಿಬಿದ್ದು ಎದ್ದು ನಿಂತಿದ್ದರು. ಎಲ್ಲವನ್ನೂ ರೈಟರು ಕಂಡಿದ್ದರು, ಕಂಡದ್ದನ್ನು ಒಂದೂ ಬಿಡದೆ ಬರೆದಿದ್ದರು. ಸೈಕಲ್ಲಿನ ಬಣ್ಣ ಬರೆದ ಹಾಗೆ ಬರೆದು, ಫೈಲು ಕಟ್ಟಿ ಇಟ್ಟಿದ್ದರು.

"ರೀ, ಅವರು ಮರೆತಿಲ್ಲ ಕಣ್ರೀ" ಅಂದರು ಹೆಂಡತಿ. "ಅವರು ಬರ್ತಿದ್ದದ್ದು ಕೂತ್ಕೊಳ್ಳೋಕೆ. ಒಂದು ಗಂಟೆ ಯಾರೂ ಹೊಡೀದೆ ಇರೋ ಜಾಗದಲ್ಲಿ ಕೂತ್ಕೊಳ್ಳೋಕೆ."

"ಏನಂತೆ?" ಅಂದರು ಅತ್ತೆ.

ಮಗಳು ತಾಯಿಯ ಕಿವಿಯ ಹತ್ತಿರ ಬಾಗಿ ಹೇಳಿದರು. ಅತ್ತೆ ಅಳಿಯನ ಮುಖವನ್ನೇ ನೋಡಿ, ಕದ್ದು ಬಚ್ಚಿಟ್ಟಿದ್ದ ಎಲೆಯನ್ನು ತೆಗೆದು ಕಟ್ಟಿಗೆ ಸೇರಿಸಿದರು. ಅವತ್ತು ಆಟ ನಡೆಯಲಿಲ್ಲ.

ಮರುದಿನ ಬೆಳಿಗ್ಗೆ ರೈಟರು ಠಾಣೆಗೆ ಬಂದವರೇ ಒಂದು ಉಪಾಯ ಹೂಡಿದರು. ಆಕೆಯನ್ನು ಕರೆಸಬೇಕು, ಗಂಡನಿಗೆ ಗುಮಾನಿ ಬರಬಾರದು. ಕನ್ನಡಕದಂಗಡಿಗೆ ಫೋನ್ ಮಾಡಿದರು: "ನಿಮ್ಮ ಮನೆಯವರ ಛತ್ರಿ ಸಿಕ್ಕಿದೆ. ಅವರು ಬಂದು ಗುರುತು ಹಿಡಿಯಬೇಕು."

"ಅಯ್ಯೋ, ಅವಳಿಗೆ ಯಾಕೆ ತೊಂದರೆ ಸಾರ್, ನಾನೇ ಬರ್ತೀನಿ" ಅಂತ ಆ ಕಡೆಯಿಂದ ಬೆಣ್ಣೆ ಕರಗಿತು.

"ಆಗಲ್ಲ ಸ್ವಾಮಿ. ದೂರು ಕೊಟ್ಟವರೇ ಬರಬೇಕು. ನಮೂನೆ ಹದಿನೇಳು."

ನಮೂನೆ ಹದಿನೇಳು ಅನ್ನೋದು ಪ್ರಪಂಚದಲ್ಲೇ ಇರಲಿಲ್ಲ. ರೈಟರು ಕೂತು ಅದನ್ನು ಹುಟ್ಟಿಸಿದರು, ನಾಲ್ಕು ಪುಟ. ಛತ್ರಿ ಕಳೆದವರ ಗಂಡ ತುಂಬಬೇಕಾದದ್ದು. ಛತ್ರಿ ಮನೆಗೆ ಬಂದ ಬಗೆ, ಅದರ ಕಡ್ಡಿಗಳ ಸಂಖ್ಯೆ, ಅದನ್ನು ಮೊದಲು ಬಿಚ್ಚಿದ ದಿನದ ಹವಾಮಾನ, ಮನೆಯ ಇತರ ಛತ್ರಿಗಳ ವಿವರ. ಮೂವತ್ತೊಂದು ವರ್ಷದ ಪುರಾಣಶಕ್ತಿಯೆಲ್ಲ ಅದಕ್ಕೆ ಸುರಿದರು. ಆಮೇಲೆ ಠಾಣೆಯ ಎಲ್ಲರ ಛತ್ರಿ ವಸೂಲಿ ಮಾಡಿ ಒಳಕೋಣೆಯ ಮೇಜಿನ ಮೇಲೆ ಸಾಲಾಗಿ ಮಲಗಿಸಿದರು, ಒಟ್ಟು ಒಂಬತ್ತು. "ನನ್ನದು ಹೊಸದು ಸಾರ್, ಆಯಮ್ಮ ಅದನ್ನೇ ತನ್ನದು ಅಂದ್ರೆ ಏನು ಗತಿ?" ಅಂತ ಜೀಪಿನ ಡ್ರೈವರು ಗೋಳಾಡಿದ.

ಹನ್ನೊಂದು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನಮೂನೆ ಹದಿನೇಳು ಕೈಗಿಟ್ಟು, ಇಬ್ಬರು ಪೇದೆಗಳನ್ನು ಅಕ್ಕಪಕ್ಕ ಕೂರಿಸಿದ್ದಾಯಿತು. ಅವನು ಕಡ್ಡಿಗಳ ಸಂಖ್ಯೆಯ ಹತ್ತಿರ ಪೆನ್ನು ಕಚ್ಚುತ್ತ ಕೂತ. ಒಳಕೋಣೆಯಲ್ಲಿ ಮಹಿಳಾ ಪೇದೆ ಬಾಗಿಲು ಮುಂದೆ ಮಾಡಿದಳು.

ಆಕೆ ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಒಂಬತ್ತು ಛತ್ರಿಯನ್ನೂ ನೋಡಿದರು.

"ಇದರಲ್ಲಿ ನನ್ನದು ಯಾವುದೂ ಇಲ್ಲ ಸಾರ್."

"ಗೊತ್ತಮ್ಮ."

"ಗೊತ್ತಿದ್ದೂ ಕರೆಸಿದ್ರಾ?"

ರೈಟರು ಹನ್ನೊಂದು ಕಾಗದವನ್ನು ಛತ್ರಿಗಳ ಪಕ್ಕ ಇಟ್ಟರು. "ಇವನ್ನೆಲ್ಲ ನಿನ್ನೆ ಒಟ್ಟಿಗೆ ಓದಿದೆ ತಾಯಿ. ಮನೇಲಿ ಏನಾಗ್ತಿದೆ?"

ಆಕೆ ಕಾಗದಗಳನ್ನು ಒಂದೊಂದಾಗಿ ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೂತು, ಬಲಗೈಯ ಅಂಗಿ ತೋಳನ್ನು ಮೊಣಕೈವರೆಗೆ ಮಡಚಿ, ಕೈಯನ್ನು ಮೇಜಿನ ಮೇಲಿಟ್ಟರು. ಮಹಿಳಾ ಪೇದೆ "ಅಯ್ಯೋ ದೇವರೇ" ಅಂದಳು.

ಕನ್ನಡಕ ಒಡೆಯುತ್ತಿದ್ದವನು ಅವನೇ. ಕೀ, ಫೋನು ಬಚ್ಚಿಡುತ್ತಿದ್ದವನೂ, ಛತ್ರಿ, ಚೀಲ ಎಲ್ಲೋ ಎಸೆದು ಬಂದವನೂ ಅವನೇ. ಆಮೇಲೆ, ನೀನೇ ಕಳೆದೆ, ಹೋಗಿ ಪೊಲೀಸರಿಗೆ ಹೇಳು ಅಂತ ಕಳಿಸುತ್ತಿದ್ದ. ಒಂದೊಂದು ರಸೀದಿಯನ್ನೂ ಜೋಪಾನ ಮಾಡಿದ್ದ. ನಾಳೆ ಇವಳು ಎಲ್ಲಿ ಏನು ಹೇಳಿದರೂ, ತಲೆ ಸರಿಯಿಲ್ಲದವಳು, ನೋಡಿ ಸರ್ಕಾರಿ ಕಾಗದವೇ ಇದೆ ಅಂತ ತೋರಿಸೋಕೆ. ಬಂದ ಹೊತ್ತು ಹೋದ ಹೊತ್ತು ರಸೀದಿಯಲ್ಲಿದ್ದರೆ ಮಾತ್ರ ಅವನು ಸುಮ್ಮನಿರುತ್ತಿದ್ದ. ಅಷ್ಟು ಹೊತ್ತು ಆಕೆ ಬೆಂಚಿನ ಮೇಲೆ ಕೂತು ಉಸಿರಾಡುತ್ತಿದ್ದರು.

ಮರೆಗುಳಿ ಅನ್ನೋದಕ್ಕೆ ಹನ್ನೊಂದು ಸಲ ಠಸ್ಸೆ ಒತ್ತಿಕೊಟ್ಟದ್ದು ಯಾರ ಕೈ?

"ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ ತಾಯಿ? ಇಲ್ಲೇ ಕೂತಿದ್ದೆನಲ್ಲ ನಾನು!"

"ಹೇಳಿದ್ದೆ ಸಾರ್."

"ಯಾರ ಹತ್ರ?"

"ನಿಮ್ಮ ಹತ್ರಾನೇ. ಏನೂ ಕಳೆಯೋದಕ್ಕೆ ಮುಂಚೆ, ಮೊದಲನೇ ಸಲ ಬಂದಾಗ. ಹೊಡೀತಾರೆ ಅಂತ ಅಂದೆ. ನೀವು ಅವರನ್ನ ಕರೆಸಿದ್ರಿ. ಇಬ್ಬರಿಗೂ ಟೀ ಕೊಟ್ರಿ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ರೈಟರಿಗೆ ಎಷ್ಟೋ ಹಗುರಾಗುತ್ತಿತ್ತು. "ಅವತ್ತು ಮನೆಗೆ ಹೋದ ಮೇಲೆ ಈ ಕೈ ಮುರೀತು."

ರೈಟರಿಗೆ ನೆನಪೇ ಇಲ್ಲ. ಎದ್ದು ಹೊರಗೆ ಹೋಗಿ ಮೇಡಮ್ಮಿನ ಕಂಪ್ಯೂಟರಿನಲ್ಲಿ ಹುಡುಕಿಸಿದರು. ಇತ್ತು. ಮೂರು ವರ್ಷದ ಹಿಂದಿನ ಎರಡು ಸಾಲು, ತಮ್ಮದೇ ಮಾತು. ಪಕ್ಕದಲ್ಲಿ ಹತ್ತು ದಿನದ ಹಿಂದೆ ತಾವೇ ಒತ್ತಿದ 'ಇಲ್ಲ'.

"ಇದನ್ನ ಮೆಷಿನ್ನು ಯಾಕೆ ಹಿಡೀಲಿಲ್ಲ ಮೇಡಂ?"

"ನೀವು ಕಲಿಸಿದ್ದನ್ನ ಅದು ಕಲೀತು" ಅಂದರು ಮೇಡಂ. ಅವರ ಬಾಯಲ್ಲಿ ಪೆಪ್ಪರ್‌ಮಿಂಟು ಇರಲಿಲ್ಲ.

"ನಾನೂರ ಹನ್ನೆರಡರಲ್ಲಿ ಇದರೊಳಗೆ ಇರೋದನ್ನೆಲ್ಲ ವಾಪಸ್ ಕೊಡಿ. ಒಂದೊಂದು ಮನೆಗೂ ಹೋಗಿ ಕೇಳಿಕೊಂಡು ಬಂದು ಒತ್ತುತ್ತೀನಿ" ಅಂತ ಹೇಳಿ, ರೈಟರು ಒಳಗೆ ಹೋಗಿ ಪೆನ್ನು ಹಿಡಿದರು.

ಮೂರು ಗಂಟೆ ಬರೆದರು. ಆಕೆ ಹೇಳಿದ ಹಾಗೇ, ಹೇಳಿದಷ್ಟೂ, ಹದಿನಾಲ್ಕು ಪುಟ. ಗಂಡನನ್ನು ಹೊರಗಿನಿಂದ ಲಾಕಪ್ಪಿಗೆ ಸಾಗಿಸಿದಾಗ ಅವನು ನಮೂನೆಯ ಮೂರನೇ ಪುಟದಲ್ಲಿದ್ದ, ಪುಣ್ಯಾತ್ಮ ಒಂದು ಕಲಮೂ ಬಿಟ್ಟಿರಲಿಲ್ಲ. ಆಕೆಯನ್ನು ಕರಕೊಂಡು ಹೋಗೋಕೆ ಅಕ್ಕ ಹೊರಟಿದ್ದಾರೆ ಅಂತ ಸುದ್ದಿ ಬಂತು. ಬರೆದದ್ದನ್ನು ರೈಟರು ಆಕೆಗೆ ನಿಧಾನಕ್ಕೆ ಓದಿ ಹೇಳಿ, ಸಹಿ ಹಾಕಿಸಿ, ಇನ್ಸ್‌ಪೆಕ್ಟರ ಮುಂದಿಟ್ಟರು.

ಇನ್ಸ್‌ಪೆಕ್ಟರು ಹದಿಮೂರು ಪುಟ ಒಂದೇ ಸಮನೆ ಓದಿದರು. ಕೊನೇ ಪುಟದಲ್ಲಿ ನಿಂತರು. "ಈಕೆ ಮೂರು ವರ್ಷದ ಹಿಂದೆಯೇ ಇದೇ ಠಾಣೆಗೆ ಬಂದು ಗಂಡ ಹೊಡೆಯುತ್ತಾನೆಂದು ಹೇಳಿದ್ದರು. ಆಗ ದೂರು ಬರೆದುಕೊಳ್ಳದೆ, ಹೊಡೆದವನ ಜೊತೆಗೇ ಮನೆಗೆ ಕಳಿಸಿದವನು ಈ ವರದಿ ಬರೆಯುತ್ತಿರುವ ನಾನು."

"ರೈಟರೇ, ಈ ಪ್ಯಾರಾ ಯಾಕೆ? ಇದಿಲ್ಲದೇನೂ ಕೇಸು ನಿಲ್ಲುತ್ತೆ."

"ಅವರು ಹೇಳಿದ್ರು, ನಾನು ಬರೆದೆ ಸಾರ್."

"ಶೀಲ್ಡು ಹೋಗುತ್ತೆ, ಹೋಗಲಿ ಬಿಡಿ. ನಿಮ್ಮ ಮೇಲೇ ವಿಚಾರಣೆ ಬರುತ್ತಲ್ರೀ! ಎರಡು ತಿಂಗಳಿದೆ ನಿಮಗೆ. ಮೂವತ್ತೊಂದು ವರ್ಷ ಮಾಡಿದ್ದೆಲ್ಲ ಮಣ್ಣಾಗುತ್ತೆ. ತೆಗೆದುಬಿಡಿ."

ರೈಟರು ಬಾಗಿಲನ್ನು ಪೂರ್ತಿ ತೆರೆದರು. ಹೊರಗೆ ಆಕೆ ಕೂತಿದ್ದರು, ಮಡಚಿದ ತೋಳನ್ನು ಇಳಿಸಿರಲಿಲ್ಲ.

"ತೆಗೀಬೇಕಾದ್ರೆ ಅವರನ್ನ ಕೇಳಿ ತೆಗೀಬೇಕು ಸಾರ್. ಸಹಿ ಅವರದು. ನನಗಂತೂ ಕೇಳೋ ಮುಖ ಇಲ್ಲ. ನೀವು ಕೇಳ್ತೀರಾ?"

ಇನ್ಸ್‌ಪೆಕ್ಟರು ಹೊರಗೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಹದಿನಾಲ್ಕನೇ ಪುಟದ ಕೆಳಗೆ ಸಹಿ ಹಾಕಿದರು.